ವಿಜ್ಞಾನೇತರ ವಿದ್ಯಾರ್ಥಿಗಳಿಗೆ ಜೀವವಿಜ್ಞಾನ: ಹಳೆಯ ಬೆಂಗಳೂರಿನ ಒಂದು ಪರಂಪರೆ

ಕಲೆ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಓದುವವರಿಗೂ ಜೀವಜಗತ್ತಿನ ಪ್ರಾಥಮಿಕ ತಿಳಿವಳಿಕೆ ಬೇಕೆಂಬ ವಿಚಾರ ಭಾರತದ ಕಾಲೇಜುಗಳಲ್ಲಿ ಕಡ್ಡಾಯ ಪಠ್ಯವಾದದ್ದು ನ್ಯಾಯಾಲಯದ ಮೂಲಕ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿ, 2003ರಲ್ಲಿ ಮತ್ತೆ ಬಿಗಿಗೊಳಿಸಿದ ನಿರ್ದೇಶನದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನವನ್ನು ರೂಪಿಸಿತು. ಪರಿಸರ ವ್ಯವಸ್ಥೆ, ಜೀವವೈವಿಧ್ಯ, ಮಾಲಿನ್ಯ, ಜನಸಂಖ್ಯೆ ಮೊದಲಾದ ಎಂಟು ಘಟಕಗಳ ಆ ಪಠ್ಯದ 50 ಉಪನ್ಯಾಸಗಳಲ್ಲಿ ಕ್ಷೇತ್ರಕಾರ್ಯಕ್ಕೆ ಮೀಸಲಾದವು ಐದು ಮಾತ್ರ.

ಬೆಂಗಳೂರಿನ ಹಳೆಯ ಬಡಾವಣೆಗಳ ಮಟ್ಟಿಗೆ ಈ ವಿಚಾರ ಹೊಸದಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಎರಡೇ ವರ್ಷ ನಡೆಯಿತು. ಮುಂದೆ ಬೆಳ್ಳಾವೆಯವರು ‘ಜೀವವಿಜ್ಞಾನ’ವೆಂಬ ಗ್ರಂಥವನ್ನೂ ರಚಿಸಿದರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗಾಗಿ 1931ರಲ್ಲಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಇವರೇ. ಭೌತವಿಜ್ಞಾನಿಯೊಬ್ಬರು ಜೀವವಿಜ್ಞಾನವನ್ನು ಬರೆದರೆಂಬುದಕ್ಕಿಂತ, ಹಳಗನ್ನಡದ ಪದಸಂಪತ್ತನ್ನು ಬಲ್ಲವರೊಬ್ಬರು ಅದನ್ನು ಬರೆದರೆಂಬುದೇ ಇಲ್ಲಿ ಹೆಚ್ಚು ಗಮನಾರ್ಹ. ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಬೇಕಾದ ಸಾಮಾನ್ಯ ಓದುಗನಿಗೆ ಭಾಷೆಯೇ ಮೊದಲ ಪ್ರಯೋಗಶಾಲೆ.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳನ್ನು ಸಾರ್ವಜನಿಕರಿಗೂ ತೆರೆದಿಟ್ಟಿತು. ಆದರೆ ಸಸ್ಯಲೋಕವನ್ನು ಕನ್ನಡದ ಸಾಹಿತ್ಯಾಸಕ್ತರ ಮನೆಗೆ ತಂದವರು ಡಿ.ವಿ.ಜಿ.ಯವರ ಪುತ್ರ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನ. ಅಂದರೆ, ಪಠ್ಯಕ್ರಮವು ಐದು ಗಂಟೆಗೆ ಇಳಿಸಿದ ಕ್ಷೇತ್ರಕಾರ್ಯವೇ ಅಲ್ಲಿ ಇಡೀ ಪುಸ್ತಕ.

ಅಂತಹ ಕ್ಷೇತ್ರಕ್ಕೆ ಈ ಬಡಾವಣೆಗಳ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆಯನ್ನು ಮೇಯುತ್ತಿದ್ದ ಗೂಳಿಯನ್ನು ಶಾಂತಗೊಳಿಸಲು ರೈತರು ಮೊದಲ ಫಸಲನ್ನು ಒಪ್ಪಿಸತೊಡಗಿದರೆಂದು ಐತಿಹ್ಯ. ನೆಲದ ಮೇಲೆ ಹೂಬಿಟ್ಟು, ಪರಾಗಸ್ಪರ್ಶದ ಅನಂತರ ಸೂಜಿಯಂತಹ ತೊಟ್ಟನ್ನು ಮಣ್ಣಿಗಿಳಿಸಿ ಕಾಯಿ ಕಟ್ಟುವ, ಬೇರಿನ ಗಂಟುಗಳಲ್ಲಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುವ ಈ ಗಿಡ ಒಂದೇ ಮುಷ್ಟಿಯಲ್ಲಿ ಹಲವು ಪಾಠಗಳನ್ನು ಹಿಡಿದಿದೆ. ಇದರ ಮೂಲ ದಕ್ಷಿಣ ಅಮೆರಿಕ. ಯುರೋಪಿಯನ್ನರ ಸಮುದ್ರಯಾನಗಳ ಅನಂತರವಷ್ಟೇ ಇತ್ತ ಬಂದದ್ದು. ಹಳೆಯ ದ್ವಿದಳ ಧಾನ್ಯವಾದ ಕಡಲೆಯ ಹೆಸರನ್ನೇ ಕನ್ನಡ ಇದಕ್ಕೆ ಕೊಟ್ಟಿದೆ. ಸಸ್ಯವಿಜ್ಞಾನದ ಈ ಸಂಗತಿ ಜಾನಪದ ವಿದ್ಯಾರ್ಥಿಯನ್ನು ನೇರವಾಗಿ ತಟ್ಟುತ್ತದೆ: 16ನೆಯ ಶತಮಾನದ ಕೆಂಪೇಗೌಡರೊಡನೆ ಜೋಡಿಸಲಾಗುವ ಈ ಗುಡಿಯ ಸುತ್ತಲಿನ ಹೊಲಗಳನ್ನು ಕಡಲೆಕಾಯಿ ಯಾವಾಗ ತಲುಪಿತು? ಐತಿಹ್ಯದ ಗೂಳಿ ಮೊದಲು ಮೇಯ್ದದ್ದು ಬೇರೊಂದು ಬೆಳೆಯನ್ನೇ?