ಗ್ರಾಮಸಭೆಯ ನಿರ್ಣಯ ಮತ್ತು ಗಣಕೀಕೃತ ದಾಖಲೆ: ನಾಗರಿಕರಿಗೆ ಮಾಹಿತಿ

ವಸತಿ ಮುಂತಾದ ಯೋಜನೆಗಳ ಫಲಾನುಭವಿಗಳ ಪಟ್ಟಿಯನ್ನು ಈಗ ಗಣಕಯಂತ್ರದಲ್ಲಿ ದಾಖಲಿಸಲಾಗುತ್ತಿದೆ. ಆದರೆ ಆಯ್ಕೆಯ ಅಧಿಕಾರವು ಗ್ರಾಮಸಭೆಯದಾಗಿರುತ್ತದೆ. ಕೊಪ್ಪಳ ಜಿಲ್ಲೆ ಕನಕಗಿರಿ ತಾಲ್ಲೂಕಿನ ಹುಲಿಹೈದರ ಸೇರಿದಂತೆ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಇದು ಅನ್ವಯವಾಗುತ್ತದೆ.

ಕಾನೂನಿನ ಆಧಾರ

ಸಂವಿಧಾನದ 243(ಬಿ) ಅನುಚ್ಛೇದದಂತೆ ಮತದಾರರ ಪಟ್ಟಿಯಲ್ಲಿ ನೋಂದಾಯಿತರಾದ ಎಲ್ಲರೂ ಗ್ರಾಮಸಭೆಯ ಸದಸ್ಯರು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 3ನೇ ಪ್ರಕರಣವು ವಾರ್ಡ್ ಸಭೆಗೂ, 3ಎ ಪ್ರಕರಣವು ಗ್ರಾಮಸಭೆಗೂ ಸಂಬಂಧಿಸಿವೆ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯತಕ್ಕದ್ದು. ಕೋರಂ ಅನ್ನು ಸಭೆಗೆ ಹಾಜರಾದವರ ಸಂಖ್ಯೆಯಿಂದ ಲೆಕ್ಕಹಾಕಲಾಗುತ್ತದೆ. ಹಾಜರಾದವರಲ್ಲಿ ಸಾಧ್ಯವಾದಷ್ಟೂ ಶೇ. 30ರಷ್ಟು ಮಹಿಳೆಯರಿರಬೇಕು. ಆದುದರಿಂದ ತಂತ್ರಾಂಶದಲ್ಲಿನ ನಮೂದು ನಿರ್ಣಯದ ದಾಖಲೆ ಮಾತ್ರ. ಅದು ನಿರ್ಣಯಕ್ಕೆ ಬದಲಿಯಲ್ಲ.

ಗಣಕೀಕೃತ ದಾಖಲೆಯ ಸ್ಥಾನ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 4ನೇ ಪ್ರಕರಣದಂತೆ, ಲಿಖಿತವಾಗಿರಬೇಕೆಂದು ಕಾನೂನು ವಿಧಿಸುವ ಮಾಹಿತಿಯು ಮುಂದೆ ನೋಡಲು ಲಭ್ಯವಾಗುವಂತೆ ವಿದ್ಯುನ್ಮಾನ ರೂಪದಲ್ಲಿದ್ದರೂ ಮಾನ್ಯ. ಆದರೆ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಸ್ವೀಕರಿಸಬೇಕು ಅಥವಾ ನೀಡಬೇಕು ಎಂದು ಯಾವುದೇ ಇಲಾಖೆಯನ್ನು ಒತ್ತಾಯಿಸುವ ಹಕ್ಕನ್ನು ಈ ಅಧಿನಿಯಮವು ನೀಡುವುದಿಲ್ಲವೆಂದು 9ನೇ ಪ್ರಕರಣವು ಸ್ಪಷ್ಟಪಡಿಸಿದೆ. ಪಂಚಾಯಿತಿಗಳ ಯೋಜನೆ ಮತ್ತು ಲೆಕ್ಕಪತ್ರಗಳಿಗಾಗಿ ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು ಇ-ಗ್ರಾಮ ಸ್ವರಾಜ್ ತಂತ್ರಾಂಶವನ್ನು ಆರಂಭಿಸಿತು. ಅದರಲ್ಲಿನ ವಿವರಗಳನ್ನು ಸಾರ್ವಜನಿಕರು ವೀಕ್ಷಿಸಬಹುದಾಗಿದೆ.

ನಾಗರಿಕರು ಕೈಗೊಳ್ಳಬೇಕಾದ ಕ್ರಮ

1. ವಾರ್ಡ್ ಸಭೆ ಹಾಗೂ ಗ್ರಾಮಸಭೆಗೆ ಖುದ್ದಾಗಿ ಹಾಜರಾಗುವುದು. ಮೊಬೈಲ್ ಅಥವಾ ಅಂತರ್ಜಾಲ ಸೌಲಭ್ಯವಿಲ್ಲದಿರುವುದು ಸದಸ್ಯತ್ವಕ್ಕೆ ಅಡ್ಡಿಯಲ್ಲ.

2. ಸಭೆಯಲ್ಲಿ ಓದಲಾದ ಪಟ್ಟಿಯಲ್ಲಿ ಹೆಸರಿದ್ದು, ಗಣಕೀಕೃತ ಪಟ್ಟಿಯಲ್ಲಿ ಕಾಣದಿದ್ದಲ್ಲಿ, ಸಭೆಯ ದಿನಾಂಕವನ್ನು ನಮೂದಿಸಿ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.

3. ನಿರ್ಣಯದ ಪ್ರತಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಡಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸುವುದು. ಬರೆಯಲು ಬಾರದವರು ಮೌಖಿಕವಾಗಿ ತಿಳಿಸಿದ್ದನ್ನು ಬರವಣಿಗೆಗೆ ಇಳಿಸಲು ಅಧಿಕಾರಿಯು ನೆರವು ನೀಡತಕ್ಕದ್ದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕವಿಲ್ಲ.

4. ಉತ್ತರ ದೊರೆಯದಿದ್ದಲ್ಲಿ ಅಥವಾ ಸಮರ್ಪಕವಾಗಿರದಿದ್ದಲ್ಲಿ, ನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಸಭೆಯ ನಿರ್ಣಯದ ಪ್ರತಿಯು ಗಣಕೀಕೃತ ಪಟ್ಟಿಯ ಲೋಪವನ್ನು ತೋರಿಸಲು ಮುಖ್ಯ ಆಧಾರವಾಗಿರುವುದರಿಂದ, ಅರ್ಜಿದಾರರು ಅದನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳುವುದು ಸೂಕ್ತ.