ಮಾರ್ಸೆಲಸ್ ಅನಿಲ ಬಾವಿಗಳ ತ್ಯಾಜ್ಯಜಲ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಮಾರ್ಸೆಲಸ್ ಎಂಬ ಶೇಲ್ ಶಿಲೆಯಿಂದ ನೈಸರ್ಗಿಕ ಅನಿಲ ತೆಗೆಯುವಾಗ ಅದರೊಂದಿಗೆ ಮೇಲೆ ಬರುವ ನೀರು. ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾದ ಇದರಲ್ಲಿ ಬ್ರೋಮೈಡ್, ಬೇರಿಯಂ, ಸ್ಟ್ರಾನ್ಷಿಯಂ ಹಾಗೂ ವಿಕಿರಣಶೀಲ ರೇಡಿಯಂ ಕರಗಿರುತ್ತವೆ.

ಉಪ್ಪುನೀರಿನ ತಾಪತ್ರಯ ಆ ಸೀಮೆಗೆ ಹಳೆಯದು. 1859ರಲ್ಲಿ ಎಡ್ವಿನ್ ಡ್ರೇಕ್ ಟೈಟಸ್‌ವಿಲ್‌ನಲ್ಲಿ ತೈಲಬಾವಿ ಕೊರೆಸಿದ ಮೇಲೆ ಬಹುಕಾಲ ಉಪ್ಪುನೀರನ್ನು ಹಳ್ಳಗಳಿಗೆ ಬಿಡುತ್ತಿದ್ದರು. ಧೂಳು ಅಡಗಲೆಂದು ಮಣ್ಣುರಸ್ತೆಗಳಿಗೆ ಚಿಮುಕಿಸುವುದೂ ಇತ್ತು. ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಶಿಲೆ ಸೀಳುವ ಫ್ರ್ಯಾಕಿಂಗ್ 2005ರಿಂದೀಚೆಗೆ ಮಾರ್ಸೆಲಸ್‌ನಲ್ಲಿ ಹಬ್ಬಿದಾಗ ಟ್ಯಾಂಕರುಗಳು ಈ ನೀರನ್ನು ಊರುಗಳ ಕೊಳಚೆ ಸಂಸ್ಕರಣ ಘಟಕಗಳಿಗೂ ತಂದು ಸುರಿದವು. ಸೂಕ್ಷ್ಮಜೀವಿಗಳಿಂದ ಮನೆಗಳ ಕೊಳಚೆ ಅರಗಿಸಲು ಕಟ್ಟಿದ ಘಟಕ ಕರಗಿದ ಉಪ್ಪನ್ನು ಏನು ಮಾಡೀತು? ಒಳಗೆ ಬಂದ ಉಪ್ಪು ಹಾಗೆಯೇ ನದಿ ಸೇರಿತು. ಸಂಸ್ಕರಣೆ ಎಂಬ ಹೆಸರಿನಲ್ಲಿ ನಡೆದದ್ದು ಬಹುಮಟ್ಟಿಗೆ ನೀರು ಬೆರೆಸುವ ಕೆಲಸ.

ಬೆರೆಸಲು ನದಿಯಲ್ಲಿ ನೀರಿರಬೇಕು. 2008ರ ಶರತ್ಕಾಲದಲ್ಲಿ ಮೊನಾಂಗಹೀಲ ನದಿ ಬತ್ತಿದಾಗ ಕರಗಿದ ಲವಣಗಳ ಪ್ರಮಾಣ ಲೀಟರಿಗೆ 500 ಮಿಲಿಗ್ರಾಂ ಮಿತಿಯನ್ನು ದಾಟಿತು. ಕಲ್ಲಿದ್ದಲ ಗಣಿಗಳ ನೀರಿನ ಪಾಲೂ ಅದರಲ್ಲಿತ್ತು. ರುಚಿ ಕೆಡುವುದಕ್ಕಿಂತ ದೊಡ್ಡ ಚಿಂತೆ ಬ್ರೋಮೈಡ್‌ನದು: ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದಾಗ ಅದು ಟ್ರೈಹ್ಯಾಲೊಮೀಥೇನ್ ಎಂಬ, ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಸಂಯುಕ್ತಗಳು ಹುಟ್ಟಲು ಕಾರಣವಾಗುತ್ತದೆ.

2010ರಲ್ಲಿ ರಾಜ್ಯ ಹೊಸ ವಿಸರ್ಜನೆಗಳಿಗೆ ಕಟ್ಟುನಿಟ್ಟಿನ ಲವಣಮಿತಿ ಹಾಕಿತು. ಹಳೆಯ ಘಟಕಗಳಿಗೆ ವಿನಾಯಿತಿ ಉಳಿಯಿತು. 2011ರ ವಸಂತದಲ್ಲಿ ಅವುಗಳಿಗೂ ಮಾರ್ಸೆಲಸ್ ನೀರು ಕಳುಹಿಸಬೇಡಿ ಎಂದು ಕಂಪನಿಗಳನ್ನು ಕೇಳಿಕೊಂಡಿತು. ಆದೇಶವಲ್ಲ, ಬರಿಯ ಕೋರಿಕೆ. ಆದರೂ ಬಹುತೇಕ ಫಲಿಸಿತು. ಹಳೆಯ ಮಾದರಿಯ ಬಾವಿಗಳ ನೀರು ಮಾತ್ರ ಬರುತ್ತಲೇ ಇತ್ತು.

ಹೊಳೆಯ ತಳದ ಕಥೆ ಹೊರಬಿದ್ದದ್ದು 2013ರಲ್ಲಿ. ಜೋಸೆಫೀನ್ ಎಂಬಲ್ಲಿನ ಉಪ್ಪುನೀರಿನ ಘಟಕ ರೇಡಿಯಂನ ಶೇ. 90ಕ್ಕೂ ಹೆಚ್ಚು ಭಾಗವನ್ನು ತೆಗೆಯುತ್ತಿತ್ತು. ಉಳಿದ ಅಲ್ಪವೇ ವರ್ಷಗಟ್ಟಲೆ ಹೂಳಿನಲ್ಲಿ ಕೂಡಿಕೊಂಡು, ವಿಸರ್ಜನೆಯ ಜಾಗದಲ್ಲಿ ಮೇಲ್ಹರಿವಿನ ಹೂಳಿಗಿಂತ ಸುಮಾರು 200 ಪಟ್ಟು ರೇಡಿಯಂ ಇರುವುದನ್ನು ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡರು.

ಮಾರ್ಸೆಲಸ್ ನೀರಿನ ಬಹುಭಾಗವನ್ನು ಹೊಸ ಬಾವಿಗಳಲ್ಲಿ ಮರುಬಳಸತೊಡಗಿದರು. ಒಂದಷ್ಟು ನೆರೆಯ ಒಹಾಯೊಗೆ ಹೋಗಿ ಆಳದ ಬಾವಿಗಳಲ್ಲಿ ಇಳಿಯಿತು. ಅಲ್ಲಿನ ಯಂಗ್ಸ್‌ಟೌನ್‌ನಲ್ಲಿ ಅಂಥ ಬಾವಿಯೊಂದರ ಬಳಿ 2011ರ ಡಿಸೆಂಬರ್ 31ರಂದು ಸುಮಾರು 4 ತೀವ್ರತೆಯ ಭೂಕಂಪವಾಯಿತು. ಶೇಲ್ ಬಾವಿಗಳ ತ್ಯಾಜ್ಯಜಲವನ್ನು ಊರ ಕೊಳಚೆ ಘಟಕಗಳಿಗೆ ಕಳುಹಿಸುವುದನ್ನು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ನಿಷೇಧಿಸಿತು. ಜೋಸೆಫೀನ್‌ನಂಥ ಖಾಸಗಿ ಘಟಕಗಳು ಈ ನಿಷೇಧದ ವ್ಯಾಪ್ತಿಯಲ್ಲಿಲ್ಲ.