ಕಾಣದ ರನ್‌ವೇಗೆ ‘ಗಗನ್’ ದಾರಿ

ಮೋಡ ಕವಿದ ದಿನ ಪೈಲಟ್‌ಗೆ ರನ್‌ವೇ ಕಾಣಿಸುವುದು ಕೊನೆಯ ಗಳಿಗೆಯಲ್ಲಿ. ಅಲ್ಲಿಯವರೆಗೆ ಉಪಕರಣಗಳನ್ನು ನಂಬಿಯೇ ಇಳಿಯಬೇಕು. ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಬಳಿ ನೆಟ್ಟ ರೇಡಿಯೋ ಸಾಧನಗಳು ದಾರಿ ತೋರುತ್ತವೆ. ಅವು ದುಬಾರಿ, ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಇಲ್ಲ. ಆ ಕೆಲಸವನ್ನು ಉಪಗ್ರಹಗಳಿಗೆ ಒಪ್ಪಿಸಲೆಂದು ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜಂಟಿಯಾಗಿ ರೂಪಿಸಿದ್ದೇ ‘ಗಗನ್’.

ಅಮೆರಿಕದ ಜಿಪಿಎಸ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಇದ್ದೇ ಇರುತ್ತದೆ. ಜಮ್ಮುವಿನಿಂದ ತಿರುವನಂತಪುರದವರೆಗೆ ಹರಡಿರುವ 15 ಭೂಕೇಂದ್ರಗಳು ಈ ದೋಷವನ್ನು ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಲೆಕ್ಕ ಹಾಕಿದ ತಿದ್ದುಪಡಿ, ಭೂಸ್ಥಿರ ಉಪಗ್ರಹದ ಮೂಲಕ ವಿಮಾನವನ್ನು ಮುಟ್ಟುತ್ತದೆ.

ಇಷ್ಟಾದರೆ ಸಾಲದು. ಸಂಕೇತ ಕೆಟ್ಟರೆ ಪೈಲಟ್‌ಗೆ ಎಷ್ಟು ಬೇಗ ತಿಳಿಯುತ್ತದೆ ಎಂಬುದೇ ಪ್ರಮಾಣಪತ್ರದ ನಿಜವಾದ ಪರೀಕ್ಷೆ. ಈ ಬಗೆಯ ಇಳಿತಕ್ಕೆ ಅಂತರರಾಷ್ಟ್ರೀಯ ನಿಯಮ ಕೊಡುವ ಕಾಲಾವಕಾಶ 10 ಸೆಕೆಂಡು. ತಪ್ಪು ಮಾಹಿತಿ ಎಚ್ಚರಿಕೆಯಿಲ್ಲದೆ ನುಸುಳುವ ಸಂಭವ ಒಂದು ಕೋಟಿ ಇಳಿತಗಳಲ್ಲಿ ಎರಡನ್ನು ಮೀರುವಂತಿಲ್ಲ.

ಭಾರತದಲ್ಲಿ ಇದು ಇನ್ನೂ ಕಷ್ಟ. ಉಪಗ್ರಹದ ಸಂಕೇತ ಅಯಾನುಗೋಳವನ್ನು ದಾಟಿ ಬರಬೇಕು. ಭೂಕಾಂತೀಯ ಸಮಭಾಜಕಕ್ಕೆ ಹತ್ತಿರದ ನಮ್ಮ ಆಕಾಶದಲ್ಲಿ ಈ ಪದರ ಬಹಳ ಚಂಚಲ. ಅದರ ಅಧ್ಯಯನಕ್ಕೆಂದೇ 1963ರಲ್ಲಿ ಕೇರಳದ ಥುಂಬಾದಿಂದ ರಾಕೆಟ್ ಹಾರಿಸಲು ಆರಂಭಿಸಲಾಯಿತು. ಅಮೆರಿಕದ ಆಕಾಶಕ್ಕೆ ಹೊಂದಿದ ಲೆಕ್ಕ ಇಲ್ಲಿಗೆ ಹೊಂದಲಿಲ್ಲ. ಇಸ್ರೋ ತನ್ನದೇ ಮಾದರಿಯನ್ನು ಕಟ್ಟಿತು.

ಹಾದಿ ಸುಗಮವಾಗಿರಲಿಲ್ಲ. ಗಗನ್ ಉಪಕರಣ ಹೊತ್ತ ಜಿಸ್ಯಾಟ್-4, 2010ರ ಏಪ್ರಿಲ್‌ನಲ್ಲಿ ರಾಕೆಟ್ ವೈಫಲ್ಯದಿಂದ ನಾಶವಾಯಿತು. ಮರುವರ್ಷ ಜಿಸ್ಯಾಟ್-8 ಆ ಸ್ಥಾನವನ್ನು ತುಂಬಿತು. 2013ರ ಡಿಸೆಂಬರ್‌ನಲ್ಲಿ ಮಾರ್ಗದರ್ಶನಕ್ಕೆ, 2015ರ ಏಪ್ರಿಲ್‌ನಲ್ಲಿ ಲಂಬ ಮಾರ್ಗದರ್ಶನ ಸಹಿತ ಇಳಿತಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ದೊರೆಯಿತು.

ಆದರೂ ಪ್ರಮಾಣಪತ್ರ ಬಂದೊಡನೆ ವಿಮಾನ ಇಳಿಯಲಿಲ್ಲ. ವಿಮಾನದಲ್ಲಿ ತಕ್ಕ ಗ್ರಾಹಕ ಯಂತ್ರ ಬೇಕು, ಪೈಲಟ್‌ಗೆ ತರಬೇತಿ ಬೇಕು, ಪ್ರತಿ ರನ್‌ವೇಗೂ ಪರೀಕ್ಷಿಸಿದ ಇಳಿತದ ನಕ್ಷೆ ಬೇಕು. 2022ರ ಏಪ್ರಿಲ್‌ನಲ್ಲಿ ಇಂಡಿಗೋ ಸಂಸ್ಥೆಯ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ಒಪ್ಪಿಗೆಯಿಂದ ಈ ಇಳಿತಕ್ಕೆ ಏಳು ವರ್ಷ ಹಿಡಿದಿತ್ತು. ದಾರಿ ತೋರುವುದರ ಜೊತೆಗೆ ‘ಈಗ ನನ್ನನ್ನು ನಂಬಬೇಡ’ ಎಂದು ತಕ್ಷಣ ಹೇಳಬಲ್ಲ ಯಂತ್ರವನ್ನು ಮಾತ್ರ ಪ್ರಯಾಣಿಕರ ಜೀವಕ್ಕೆ ಹೊಣೆ ಮಾಡಬಹುದು.